ದೊಡ್ಡಮನೆಯ ನಂಜತ್ತೆ

ನಂಜತ್ತೆ ನಮ್ಮ ಮನೆಗೆ ಬಂದರೆ ನೇರ ಅಡುಗೆಮನೆಗೆ ಹೋಗಿ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದರು. "ಹುಳಿಗೆ ಉಪ್ಪು ಹಾಕಿದೀರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಂದು ಚಿಟಿಕೆ ಹಾಕಿಬಿಡುತ್ತಿದ್ದರು. ಅವರು ಬರುತ್ತಿದ್ದದ್ದು ಶುಕ್ರವಾರ. ಶುಕ್ರವಾರ ನಮ್ಮ ಮನೆಯ ಹುಳಿಯನ್ನು ಬಾಯಿಗಿಡುವ ಹಾಗಿರಲಿಲ್ಲ.

ಎಪ್ಪತ್ತರ ದಶಕದ ಮೊದಲ ಭಾಗದಲ್ಲಿ ನಾನು ರಾಜಾಜಿನಗರದಿಂದ ಕೆಂಗೇರಿಗೆ ಸೊಸೆಯಾಗಿ ಬಂದೆ. ಬಂದ ವಾರವೇ ಈ ಹೆಂಗಸು ನನ್ನನ್ನು ಹಜಾರದ ಬೆಳಕಿನಲ್ಲಿ ನಿಲ್ಲಿಸಿ, "ಪರವಾಗಿಲ್ಲ, ಈ ಮನೆಗೆ ಹೊಂದ್ಕೋತಾಳೆ" ಎಂದು ತೀರ್ಪು ಕೊಟ್ಟರು. ನನ್ನ ಗಂಡ ಅವರನ್ನು ನಂಜತ್ತೆ ಎಂದು ಕರೆದದ್ದು ಕೇಳಿ, ಮಾವನವರ ಒಡಹುಟ್ಟಿದವರಿರಬೇಕೆಂದು ಕಾಲಿಗೆ ಬಿದ್ದೆ. ಆಮೇಲೆ ಪ್ರತಿ ಶುಕ್ರವಾರವೂ ಬಿದ್ದೆ. ಅವರು ಹೇಳಿದಂತೆ ಹಿತ್ತಾಳೆ ಪಾತ್ರೆ ಮತ್ತೆ ತೊಳೆದೆ, ಹಾಕಿದ ರಂಗೋಲಿ ಅಳಿಸಿ ಮತ್ತೆ ಹಾಕಿದೆ. ಕೊನೆಗೊಂದು ದಿನ ಅತ್ತೆಯವರನ್ನು, "ನಂಜತ್ತೆ ಮಾವನವರಿಗಿಂತ ದೊಡ್ಡೋರಾ, ಚಿಕ್ಕೋರಾ?" ಎಂದು ಕೇಳಿದೆ.

"ಅವರು ನಮಗೇನೂ ಆಗ್ಬೇಕಾಗಿಲ್ಲ ಕಣೇ. ಈ ಮನೆ ಕಟ್ಟಿಸಿದೋರ ಮೊಮ್ಮಗಳು. ಮನೆ ಜೊತೆಗೆ ಬಂದ್ರು."

"ಮತ್ತೆ ಇಷ್ಟು ದಿನ ನಾನು ಕಾಲಿಗೆ ಬಿದ್ದಿದ್ದು?"

"ನಾನೂ ಬಿದ್ದಿದೀನಿ, ಬಿಡು" ಎಂದರು ಅತ್ತೆ.

ಕೋಟೆ ಬೀದಿಯ ಆ ಮನೆಗೆ ಊರಲ್ಲಿ ದೊಡ್ಡಮನೆ ಎಂದೇ ಹೆಸರು. ಕಟ್ಟಿಸಿದವರು ನಂಜತ್ತೆಯ ತಾತ, ಶಾನುಭೋಗರು. ಮೈಸೂರು ರಸ್ತೆಯಲ್ಲಿ ಗಾಡಿಯ ಚಕ್ರ ಮುರಿದು ದಿವಾನರೊಬ್ಬರು ಅಲ್ಲಿ ಒಂದು ರಾತ್ರಿ ತಂಗಿದ್ದರಂತೆ. ನಂಜತ್ತೆಯ ಬಾಯಲ್ಲಿ, ನಾನು ಬಂದ ಹೊಸದರಲ್ಲಿ ಒಂದು ರಾತ್ರಿಯಿದ್ದದ್ದು ನನ್ನ ಮಗ ಹುಟ್ಟುವ ಹೊತ್ತಿಗೆ ಒಂದು ವಾರವಾಗಿತ್ತು. ತಾತನಿಂದ ಮನೆ ನಂಜತ್ತೆಯ ತಂದೆಗೆ ಬಂತು, ತಂದೆಯಿಂದ ಅಣ್ಣನಿಗೆ. ಆ ಅಣ್ಣ ಟೆಂಟ್ ಸಿನಿಮಾ ನಡೆಸಲು ಹೋಗಿ ಕೈಸುಟ್ಟುಕೊಂಡು, ಮನೆಯನ್ನು ರಾಗಿ ಮಿಲ್ಲಿನ ಸಾಹುಕಾರರಿಗೆ ಮಾರಿ ಊರು ಬಿಟ್ಟರು; ಮತ್ತೆ ಪತ್ತೆಯಿಲ್ಲ. ಸಾಹುಕಾರರು ಅದನ್ನು ಬಸ್ಸು ಇಟ್ಟಿದ್ದ ಕಂಟ್ರಾಕ್ಟರಿಗೆ ಮಾರಿದರು. ಅವರಿಂದ ಕೊಂಡವರು ಹೈಸ್ಕೂಲು ಮೇಷ್ಟರಾಗಿದ್ದ ನಮ್ಮ ಮಾವ. ಯಾರ ಕಾಲದಲ್ಲೂ ನಂಜತ್ತೆ ಬರುವುದನ್ನು ತಪ್ಪಿಸಲಿಲ್ಲ. ಕಾಮಾಕ್ಷಿಪಾಳ್ಯದ ಗಂಡನ ಮನೆಯಿಂದ ಬಸ್ಸು ಬದಲಾಯಿಸಿಕೊಂಡು ಬಂದು, ದಿವಾನರ ಕೋಣೆಯ ಮುಂದೆ ನಿಂತು ಹೇಳುತ್ತಿದ್ದರು: "ಮಿಲ್ಲಿನೋರು ಇದ್ರಲ್ಲಿ ತೌಡು ತುಂಬಿದ್ರು. ಕಂಟ್ರಾಕ್ಟರು ಟೈರ್ ತುಂಬಿದ್ರು. ನಿಮ್ಮಾವ ಪರೀಕ್ಷೆ ಪೇಪರ್ ತುಂಬಿದಾರೆ. ದಿವಾನರು ಮತ್ತೆ ಬಂದ್ರೆ ಎಲ್ಲಿ ಮಲಗಿಸ್ತೀರಾ?"

ಮಾವನವರು ಇದನ್ನೆಲ್ಲ ಸಹಿಸಿಕೊಂಡಿದ್ದರು, ನನ್ನ ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬಂದ ದಿನದವರೆಗೆ. ಆ ದಿನವೂ ಶುಕ್ರವಾರವೇ. ನಂಜತ್ತೆ ಹಜಾರದ ನಟ್ಟನಡುವೆ ಕುಳಿತು, ಉಪ್ಪಿಟ್ಟು ತಿನ್ನುತ್ತಿದ್ದವರಿಗೆ ತಾತನಿಂದ ಶುರುಮಾಡಿ ಮನೆಯ ಕತೆ ಹೇಳಿದರು. ಮಾತು ಮಾತಿಗೂ 'ನಮ್ಮನೆ, ನಮ್ಮನೆ.' ಗಂಡಿನ ತಂದೆ ಗೊಂದಲಗೊಂಡು ಮಾವನವರ ಕಡೆ ತಿರುಗಿ, "ಹಾಗಾದ್ರೆ ಮೇಷ್ಟ್ರೇ, ನೀವು ಇಲ್ಲಿ ಬಾಡಿಗೆಗಿದೀರಾ?" ಎಂದರು.

ನಂಜತ್ತೆ ಕನಿಕರದಿಂದ ಹೇಳಿದರು: "ಬಾಡಿಗೆ ಎಲ್ಲಿ ಕೊಡ್ತಾರೆ, ಪಾಪ."

ಆ ಸಂಬಂಧ ಕುದುರಲಿಲ್ಲ. ಮಾವನವರು ನಂಜತ್ತೆಗೆ ಮುಖಕ್ಕೇ, "ಇನ್ಮೇಲೆ ಬರಬೇಡಿ" ಎಂದರು. ಅವರು ಸೆರಗು ಹೊದ್ದು ಹೊರಟರು.

ಶುಕ್ರವಾರಗಳು ಸಪ್ಪೆಯಾದವು. ನಂಜತ್ತೆಯ ಮೇಲೆ ಎಲ್ಲರಿಗಿಂತ ಹೆಚ್ಚು ಗೊಣಗುತ್ತಿದ್ದ ಅತ್ತೆಯವರೇ, "ಒಗ್ಗರಣೆ ಸೀದ್ರೂ ಹೇಳೋರಿಲ್ಲ" ಎನ್ನತೊಡಗಿದರು.

ಒಂದೆರಡು ವರ್ಷದಲ್ಲಿ ನಾದಿನಿಗೆ ಬೇರೆ ಕಡೆ ಮದುವೆಯಾಯಿತು. ಮಾವನವರು ವಿಜಯನಗರದಲ್ಲಿ ಒಂದು ಸೈಟು ಕೊಂಡು, ದೊಡ್ಡಮನೆಯನ್ನು ಮಾರಲು ಹೊರಟರು. ಕೊಳ್ಳುವವರ ವಕೀಲರು ಹಳೆಯ ಪತ್ರಗಳನ್ನು ನೋಡಿ, "ಮೊದಲು ಮಾರಿದವರ ತಂಗಿಯ ಸಹಿ ಎಲ್ಲೂ ಇಲ್ಲ. ಅದಿಲ್ಲದೆ ನಾವು ಮುಂದುವರಿಯಲ್ಲ" ಎಂದರು. ಮಾವನವರು ಒಬ್ಬರೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಕರೆದುಕೊಂಡು ಕಾಮಾಕ್ಷಿಪಾಳ್ಯಕ್ಕೆ ಹೊರಟರು.

ವಠಾರದ ಬಾಗಿಲು ತೆರೆದವರು ನಂಜತ್ತೆಯ ಯಜಮಾನರು. "ಮೇಷ್ಟ್ರಾ? ಬನ್ನಿ. ನಿಮ್ಮಿಂದ ನನಗೆ ವಾರದಲ್ಲಿ ಒಂದಿನ ಇದ್ದ ನೆಮ್ಮದೀನೂ ಹೋಯ್ತು" ಎಂದರು.

ನಂಜತ್ತೆ ಕಾಫಿ ಕೊಟ್ಟು ವಿಷಯ ಕೇಳಿಸಿಕೊಂಡರು. "ತಗೊಂಡೋರು ಮನೇನ ಏನ್ಮಾಡ್ತಾರಂತೆ?"

ಮಾವನವರಿಗೆ ಸುಳ್ಳು ಹೇಳಲು ಬಾರದು. "ಕೆಡವಿ ಅಂಗಡಿ ಕಟ್ತಾರಂತಮ್ಮ."

ಇನ್ನು ಸಹಿ ಸಿಕ್ಕಂತೆಯೇ ಎಂದುಕೊಂಡೆ. ನಂಜತ್ತೆ, "ಕೆಡವಲಿ" ಎಂದರು. "ನಮ್ಮಮ್ಮ ಆ ಅಡುಗೆಮನೆ ಹೊಗೇಲೇ ಕಣ್ಣು ಹಾಳುಮಾಡ್ಕೊಂಡ್ರು. ಮಳೆ ಬಂದ್ರೆ ಬಚ್ಚಲಿಗೆ ಹೋಗೋಕೆ ಕೊಡೆ ಬೇಕಿತ್ತು."

"ದಿವಾನರು ಉಳ್ಕೊಂಡಿದ್ದ ಮನೆ ಅಂತಿದ್ರಲ್ಲಮ್ಮ" ಎಂದರು ಮಾವ, ತಡೆಯಲಾರದೆ.

"ಅವರಿದ್ದದ್ದು ಒಂದೇ ರಾತ್ರಿ. ಅವರಿಗೇನು ಗೊತ್ತು?"

ಸಹಿ ಹಾಕಿಕೊಟ್ಟರು. ನಾವು ಹೊರಟಾಗ ಬೀದಿಯವರೆಗೆ ಬಂದು ನನಗೊಬ್ಬಳಿಗೇ ಕೇಳುವಂತೆ ಹೇಳಿದರು: "ನಾನು ಬರ್ತಿದ್ದಿದ್ದು ಗೋಡೆ ನೋಡೋಕಲ್ಲ ಕಣೇ. ಕೊಟ್ಟ ಹೆಣ್ಣಿಗೆ ಹೋಗಿ ಬರೋಕೆ ಅಂತ ಒಂದು ಕಡೆ ಬೇಕಲ್ಲ."

ಇದನ್ನು ನಾನು ಮನೆಯಲ್ಲಿ ಹೇಳಿದೆ. ವಿಜಯನಗರದ ಮನೆಯ ಗೃಹಪ್ರವೇಶಕ್ಕೆ ನಂಜತ್ತೆಯನ್ನು ಕರೆಯಲು ಮಾವನವರೇ ಅರಿಶಿನ ಕುಂಕುಮ ಹಿಡಿದು ಹೋಗಿಬಂದರು. ನಂಜತ್ತೆ ಬಂದು ಮೂಲೆಮೂಲೆ ನೋಡಿ, "ಗೂಡಿದ್ದ ಹಾಗಿದೆ" ಎಂದರು. ಮುಂದಿನ ಶುಕ್ರವಾರವೂ ಬಂದರು. ಎದುರುಮನೆಯವರು ಯಾರೆಂದು ವಿಚಾರಿಸಿದರೆ, "ಇದು ನಮ್ಮನೆ" ಎಂದು ಶುರುಮಾಡುತ್ತಿದ್ದರು. ಮಾವನವರು ಪೇಪರು ಓದುತ್ತ ಕೂತಿರುತ್ತಿದ್ದರು, ತಿದ್ದಲು ಹೋಗುತ್ತಿರಲಿಲ್ಲ.

ನಾಲ್ಕಾರು ವರ್ಷ ಹೀಗೇ ನಡೆಯಿತು. ಒಂದು ಬೆಳಿಗ್ಗೆ ಅವರ ಮಗ ಸೈಕಲ್ಲಿನಲ್ಲಿ ಬಂದು, ಅಮ್ಮ ಹೋದರೆಂದು ಹೇಳಿ ಗೇಟಿನ ಹತ್ತಿರವೇ ನಿಂತ. ಹೇಳಲೋ ಬೇಡವೋ ಎಂಬಂತೆ, "ಮೇಷ್ಟ್ರೇ, ತವರಿಂದ ಸೀರೆ ಬರ್ಬೇಕು ಅಂತಿದಾರೆ ಹಿರೀರು. ಅಮ್ಮನ ಕಡೆ ಯಾರೂ ಇಲ್ಲ" ಎಂದ.

ಮಾವನವರು ಬಾಯಿ ತೆರೆಯುವ ಮೊದಲೇ ಅತ್ತೆಯವರು ಒಳಗಿನಿಂದ, "ನಾವು ತರ್ತೀವಿ. ನೀನು ಹೋಗಿ ಅಪ್ಪನ ಹತ್ರ ಕೂತ್ಕೋ" ಎಂದರು.

ಸೀರೆ ತರಲು ಮಾವನವರು ಒಬ್ಬರೇ ಹೋದರು. ಹೆಂಡತಿಗೂ ಎಂದೂ ಸೀರೆ ಆರಿಸಿದವರಲ್ಲ. ಯಾವ ಬಣ್ಣವೆಂದು ನಾವೂ ಹೇಳಿರಲಿಲ್ಲ. ಮುತ್ತೈದೆಯಾಗಿ ಹೋದವರಿಗೆ ತವರಿನವರು ಉಡಿಸುವ ಹಸಿರು ಸೀರೆಯನ್ನೇ ತಂದಿದ್ದರು.