ಮಸಗುಪ್ಪಿ ಅಜ್ಜಿಯ ಧಾಟಿ

ಚಟ್ನಿಪುಡಿಗೆಂದು ಶೇಂಗಾ ಹುರಿಯುತ್ತಿದ್ದಾಗ ನಮ್ಮ ಭಜನಾ ಮಂಡಳಿಯ ಹಿರಿಯಕ್ಕನ ಫೋನ್ ಬಂತು. ಮಂಡಳಿಯಲ್ಲಿ ಹಾರ್ಮೋನಿಯಂ ಪೇಟಿ ಬಾರಿಸುವವರು ಅವರೇ, ಯಾವ ಹಾಡು ಮೊದಲು, ಯಾವುದು ಕೊನೆಗೆ ಎಂದು ಹೇಳುವವರೂ ಅವರೇ. ಅಡುಗೆಯ ಹೊತ್ತಿನಲ್ಲಿ ಅವರು ಯಾರಿಗೂ ಫೋನ್ ಮಾಡುವುದಿಲ್ಲ.

"ಏನ್ ಮಾಡಾಕತ್ತೀ ತಂಗಿ?"

"ಶೇಂಗಾ ಹುರಿಯಾಕತ್ತೇನ್ರಿ ಅಕ್ಕಾರ."

"ಮೊದಲ ಗ್ಯಾಸ್ ಬಂದ್ ಮಾಡು."

ಬಂದ್ ಮಾಡಿದೆ. ಶೇಂಗಾ ಸೀಯಲಿಲ್ಲ. ಆ ದಿನ ಶಿವ ನನಗೆ ಮಾಡಿದ ಮೊದಲ ಉಪಕಾರ ಅದು.

"ನಿಮ್ಮ ಬೀಗರ ಮನಿ ಆಯಿ ಹೊಲದಾಗ ಕಸಾ ತಗೀತಿದ್ಲೋ, ಕತ್ತಿ ಹಿಡಕೊಂಡು ರಾಕ್ಷಸರನ್ನ ಕಡೀತಿದ್ಲೋ?"

ಅಕ್ಕ ಚೇಷ್ಟೆ ಮಾಡುತ್ತಿದ್ದಾರೆ ಎಂದು ನಕ್ಕೆ. ಅವರು ನಗಲಿಲ್ಲ. ಹಿಂದಿನ ವಾರ ಯಮಕನಮರಡಿಯಲ್ಲಿ ಹೊಸ ಮನೆ ಕಟ್ಟಿಸಿದವರೊಬ್ಬರಲ್ಲಿ ಹಾಡಿ ಬಂದಿದ್ದೆವು. ಆ ಮನೆಯ ಮೊಮ್ಮಗಳು ಕಾಲೇಜು ಓದುವವಳು. ನಾವು ಹಾಡಿದ ಒಂದು ವಚನದ ಧಾಟಿ ಮೊಬೈಲಿನಲ್ಲಿ ಆಡುವ ಕಾದಾಟದ ಆಟದ್ದು ಎಂದು ಅವಳು ಗುರುತು ಹಿಡಿದಿದ್ದಳು. ನಮ್ಮ ವಿಡಿಯೊ, ಆ ಆಟದ ವಿಡಿಯೊ ಎರಡನ್ನೂ ಜೋಡಿಸಿ ಅಕ್ಕನಿಗೆ ಕಳಿಸಿದ್ದಳು.

"ನಿನಗೂ ಕಳಸೇನಿ. ನೋಡಿ ಆಮ್ಯಾಲ ಮಾತಾಡು," ಎಂದು ಅಕ್ಕ ಫೋನ್ ಇಟ್ಟರು.

ನೋಡಿದೆ. ಮೇಲಿನ ಅರ್ಧದಲ್ಲಿ ನಾವು ಹನ್ನೊಂದು ಮಂದಿ ಹೆಂಗಸರು ಹಣೆಗೆ ವಿಭೂತಿ ಹಚ್ಚಿಕೊಂಡು, ತಾಳ ಹಿಡಿದು, ಕಣ್ಣು ಮುಚ್ಚಿ ಹಾಡುತ್ತಿದ್ದೇವೆ. ಕೆಳಗಿನ ಅರ್ಧದಲ್ಲಿ ಕಬ್ಬಿಣದ ಅಂಗಿ ತೊಟ್ಟ ಒಬ್ಬ ಬಿದ್ದ ಕೋಟೆಯೊಳಗೆ ನಡೆಯುತ್ತಿದ್ದಾನೆ, ಅವನ ಕತ್ತಿಯಿಂದ ರಕ್ತ ಸೋರುತ್ತಿದೆ. ಧಾಟಿ ಮಾತ್ರ ಒಂದೇ. ಎಲ್ಲಾದರೂ ತಪ್ಪಲಿ ಎಂದು ಮೂರು ಸಲ ಕೇಳಿದೆ. ತಪ್ಪಲಿಲ್ಲ.

ಹೊರಗಿನವರಿಗೆ ಇದು ನಗೆಯ ಮಾತು. ನಮ್ಮಲ್ಲಿ ಹಾಗಲ್ಲ. ವಚನ, ತತ್ವಪದ ಹಿಂದಿನಿಂದ ಬಂದವು, ಅವನ್ನು ನಾವು ಮುಟ್ಟುವುದಿಲ್ಲ. ಹೊಸದಾಗಿ ತರುವುದು ಅವನ್ನು ಹಾಡುವ ಧಾಟಿಯನ್ನು. ತಂದವಳು ಎಲ್ಲಿಂದ ತಂದೆ, ಯಾರಿಂದ ಕಲಿತೆ ಎಂದು ಎಲ್ಲರ ಮುಂದೆ ಹೇಳಬೇಕು. ಮಂಡಳಿಯ ಪುಸ್ತಕದಲ್ಲಿ ಹಾಡಿನ ಮೇಲೆ ಅದನ್ನು ಬರೆಯುತ್ತೇವೆ. ಸಿನಿಮಾದ್ದು ನಡೆಯುವುದಿಲ್ಲ. ಒಮ್ಮೆ ನಮ್ಮ ಓಣಿಯವಳೇ ಒಬ್ಬಳು ಸಿನಿಮಾ ಧಾಟಿ ತಂದಾಗ ಬಾಯಿ ಹಾಕಿದವಳು ನಾನು. "ದೇವರ ಮುಂದ ಕುಂತ ಮಂದಿ ಆ ಕುಣಿಯುವಾಕಿನ್ನ ನೆನಸಬೇಕೇನವಾ?" ಎಂದಿದ್ದೆ. ಅವಳು ಎರಡು ತಿಂಗಳು ಮಂಡಳಿಗೆ ಬರಲಿಲ್ಲ. ಅಂಥ ನಾನು ಅದೇ ಪುಸ್ತಕದಲ್ಲಿ ನನ್ನ ಕೈಯಾರೆ ಬರೆದಿದ್ದೆ: 'ಮಸಗುಪ್ಪಿ ಅಜ್ಜಿಯ ಧಾಟಿ.'

ಆ ಅಜ್ಜಿ ನನ್ನ ಸೊಸೆಯ ಅಜ್ಜಿ. ಸೊಸೆಯ ತವರು ಮಸಗುಪ್ಪಿ, ಅಜ್ಜಿಗೆ ಅವಳು ಆಯಿ ಎನ್ನುತ್ತಾಳೆ. ತೀರಿಕೊಂಡು ಬಹಳ ವರ್ಷವಾಗಿದೆ, ನಾನು ಅವರನ್ನು ನೋಡಿಲ್ಲ.

ಬೇಸಿಗೆಯ ಒಂದು ಮಧ್ಯಾಹ್ನ ಸೊಸೆಗೆ ಚಹಾ ಒಯ್ದಾಗ ಅವಳ ಕೋಣೆಯಿಂದ ಈ ಧಾಟಿ ಕೇಳಿತ್ತು. ತಂಬೂರಿಯ ಹಾಗೆ ಕೆಳಗೊಂದು ನಾದ, ಅದರ ಮೇಲೆ ಮಾತಿಲ್ಲದ ಹೆಣ್ಣು ದನಿ, ಎಲ್ಲೋ ಹೊಲದ ಆಚೆ ಬಡಿದಂತೆ ಡೊಳ್ಳು. ಬಾಗಿಲಲ್ಲೇ ನಿಂತುಬಿಟ್ಟೆ. ನನ್ನನ್ನು ಕಂಡು ಅವಳು ಫೋನ್ ಮಗುಚಿ ಇಟ್ಟಳು.

"ಯಾವ ಹಾಡವಾ ಅದು?"

"ನಮ್ಮ ಆಯಿ ಕಸಾ ತಗಿಯೂಮುಂದ ಹಾಡತಿದ್ದ ಧಾಟಿ ರಿ ಅತ್ತಿ. ಯಾರೋ ಫೋನಿನ್ಯಾಗ ಹಾಕ್ಯಾರ."

ನನಗೆ ಮಗಳಿಲ್ಲ. ಸೊಸೆ ಬಂದು ಎರಡು ವರ್ಷವಾದರೂ ನಮ್ಮಿಬ್ಬರ ಮಾತು ಉಪ್ಪು, ಖಾರ, ಹಾಲು ಇವುಗಳ ಆಚೆ ಹೋಗಿರಲಿಲ್ಲ. ಅಂದಿನಿಂದ ಹೋಯಿತು. ಊಟವಾದ ಮೇಲೆ ಅವಳ ಕೋಣೆಯಲ್ಲಿ ಕೂತು ಕಲಿತೆ. ಅವಳು ಒಂದೊಂದು ಸಾಲನ್ನು ಗುನುಗುವಳು, ನಾನು ಹಿಂದೆ ಹೇಳುವೆನು. ಒಂದು ಕಡೆ ಧಾಟಿ ಸುಮ್ಮನಾಗುತ್ತದೆ, ಉಸಿರು ಹಿಡಿದ ಹಾಗೆ. "ಇಲ್ಲಿ ನಿಂದರಬೇಕ್ರಿ ಅತ್ತಿ, ಗಡಿಬಿಡಿ ಮಾಡಬ್ಯಾಡ್ರಿ," ಎನ್ನುವಳು. "ಇಲ್ಲಿ ನಿಮ್ಮ ಆಯಿ ನಡಾ ನೆಟ್ಟಗ ಮಾಡತಿದ್ದರೇನೋ," ಎಂದೆ ನಾನು. "ಹೂಂನ್ರಿ," ಎಂದಳು. ನಡು ನೆಟ್ಟಗೆ ಮಾಡುವ ಅಜ್ಜಿಯನ್ನು ಕಣ್ಣ ಮುಂದೆ ತಂದುಕೊಂಡು, ಹಾಗೇ ಹೊಲದಲ್ಲಿ ದುಡಿದ ನನ್ನ ತಾಯಿಯನ್ನು ನೆನೆಸಿ ಅತ್ತುಬಿಟ್ಟೆ. ಯಾರ ಮುಂದೂ ಹೇಳದ ತಾಯಿಯ ಕಥೆಗಳನ್ನೆಲ್ಲ ಅವಳ ಮುಂದೆ ಹೇಳಿದೆ.

ಶ್ರಾವಣದಲ್ಲಿ ಆ ಧಾಟಿಗೆ ವಚನ ಕೂಡಿಸಿ ಮಂಡಳಿಯಲ್ಲಿ ಹಾಡಿದೆ. ಎಲ್ಲರಿಗೂ ಹಿಡಿಸಿತು. ಆ ಅಜ್ಜಿಯ ಪುಣ್ಯತಿಥಿಗೆ ನಾವೆಲ್ಲ ಗಾಡಿ ಮಾಡಿಕೊಂಡು ಮಸಗುಪ್ಪಿಗೇ ಹೋಗಿ, ಅವರ ಫೋಟೊದ ಮುಂದೆ ಕೂತು ಹಾಡಿ ಬಂದೆವು. ನನ್ನ ಬೀಗತಿ ಸೆರಗಿನಿಂದ ಕಣ್ಣೊರೆಸಿಕೊಂಡು, "ನಮ್ಮತ್ತಿ ಧ್ವನಿ ಕೇಳಿಧಂಗ ಆತ್ರಿ ಅಕ್ಕಾರ," ಎಂದಿದ್ದರು.

ಸೊಸೆ ಮಾಳಿಗೆಯ ಮೇಲೆ ಅರಿವೆ ಒಣಹಾಕಿ ಕೆಳಗೆ ಬಂದಳು. ಫೋನ್ ಅವಳ ಮುಂದೆ ಹಿಡಿದೆ. ಮೇಲಿನ ಅರ್ಧ, ಕೆಳಗಿನ ಅರ್ಧ ಎರಡನ್ನೂ ನೋಡಿ ಖಾಲಿ ಬುಟ್ಟಿಯನ್ನು ಎದೆಗೆ ಒತ್ತಿಕೊಂಡಳು.

"ನಿಮ್ಮ ಆಯಿ ಹಾಡತಿದ್ರೋ ಇಲ್ಲೋ?"

"ಇಲ್ರಿ."

"ಮತ್ತ್ಯಾಕ ಹೇಳಿದಿ?"

"ಮೊದಲನೇ ದಿನಾ ಅಂಜಿ ಹೇಳಿದ್ನಿ ರಿ. ಸೊಸಿ ಆದಾಕಿ ಹಗಲೊತ್ತಿನ್ಯಾಗ ಆಟಾ ಆಡ್ತಾಳ ಅಂತೀರಿ ಅಂತ. ಮರುದಿನಾ ಹೇಳೂಣು ಅಂದ್ರ ನೀವು ಕಲಿಯಾಕ ಕುಂತ್ರಿ. ಮುಂದ ಅತ್ರಿ. ಅತ್ತ ಮ್ಯಾಲ ಹೆಂಗ್ ಹೇಳ್ಲಿ?"

"ನಿಮ್ಮವ್ವಗ ಗೊತ್ತಿತ್ತೇನು?"

ಬುಟ್ಟಿಯ ಅಂಚನ್ನು ಉಗುರಿನಿಂದ ಕೆರೆಯುತ್ತ ನಿಂತಳು. "ನೀವೆಲ್ಲ ಬರ್ತೀರಿ ಅಂದ ಕೂಡಲೇ ನಾನ ಫೋನ್ ಮಾಡಿ ಹೇಳಿದ್ನಿ ರಿ. ಹೂಂ ಅನ್ನು ಅಂತ."

ಸೊಸೆಯ ಸುಳ್ಳಿನಲ್ಲಿ ಅಂಜಿಕೆಯಾದರೂ ಇತ್ತು. ಬೀಗತಿ ಒರೆಸಿಕೊಂಡ ಕಣ್ಣೀರು ನೆನಪಾಗಿ ನಾನು ಕೂಗಾಡಿಬಿಟ್ಟೆ. ಸತ್ತವರ ಫೋಟೊದ ಮುಂದೆ ಹನ್ನೊಂದು ಮಂದಿಯನ್ನು ಕೂಡಿಸಿ, ಎಲೆಯ ಮೇಲೆ ಎರಡೆರಡು ಹೋಳಿಗೆ ಇಟ್ಟು, ತಾಯಿ ಮಗಳು ಕೂಡಿ ನನ್ನನ್ನು ಆಡಿಸಿದ್ದರು. ಇಷ್ಟು ದಿನ ಪೂಜೆಗೆ ಕೂತಾಗ ಅಂಗೈಯಲ್ಲಿ ಲಿಂಗ ಹಿಡಿದು ನಾನು ಗುನುಗಿದ್ದೂ ಅದನ್ನೇ. ಮನೆಯಲ್ಲಿ ಗಂಡಸರು ಯಾರೂ ಇರಲಿಲ್ಲ, ನನ್ನ ಕೂಗು ಗೋಡೆಯೊಳಗೇ ಉಳಿಯಿತು. ಅದೂ ಒಂದು ಉಪಕಾರವೇ.

"ಹಚ್ಚು ಆಟಾನ," ಎಂದೆ. "ಯಾರ ಹಾಡಂತ ನಾನೂ ನೋಡತೇನಿ."

ಅವಳು ಹಚ್ಚಿದಳು. ಆ ಕಬ್ಬಿಣದ ಅಂಗಿಯವನು ಅವಳ ಹೆಬ್ಬೆರಳು ಹೇಳಿದಂತೆ ನಡೆದ. ಯಾರೂ ಇಲ್ಲದ ಜಾಗದಲ್ಲಿ ಬರೀ ನಾದ. ಮುಂದೆ ಯಾರೋ ಅಡಗಿದ್ದಾರೆ, ನಮಗಿನ್ನೂ ಕಂಡಿಲ್ಲ, ಆಗಲೇ ಡೊಳ್ಳು ಸಣ್ಣಗೆ ಸೇರಿತು. ಬಳಿಕ ಎಲ್ಲ ಸುಮ್ಮನಾಯಿತು. ಅಜ್ಜಿ ನಡು ನೆಟ್ಟಗೆ ಮಾಡುತ್ತಾಳೆ ಎಂದು ನಾನು ಮಂಡಳಿಗೆಲ್ಲ ತಿಳಿಸಿ ಹೇಳಿದ್ದ ಜಾಗ ಅದೇ. ಮರುಕ್ಷಣ ಎರಡು ಕೊಂಬಿನ ಪ್ರಾಣಿ ಮೈಮೇಲೆ ಬಿತ್ತು, ವಾದ್ಯಗಳೆಲ್ಲ ಒಟ್ಟಿಗೆ ಓಡಿದವು. ಸೊಸೆ ಹಿಂದೆ ಸರಿದರೆ ಅವೂ ಸರಿದವು, ಮುನ್ನುಗ್ಗಿದರೆ ಏರಿದವು. ಒಳ್ಳೆಯ ತಬಲದವನು ಹಾಡುವವಳ ಬಾಯಿ ನೋಡುತ್ತ ಬಾರಿಸುತ್ತಾನಲ್ಲ, ಹಾಗೆ ಈ ಹಾಡು ಅವಳ ಕೈ ನೋಡುತ್ತಿತ್ತು. ಪ್ರಾಣಿ ಬಿದ್ದಿತು. ಗೆದ್ದ ಮೇಲೆ ಕಹಳೆ ಊದುತ್ತಾರೆ ಅಂದುಕೊಂಡಿದ್ದೆ. ಊದಲಿಲ್ಲ. ಆ ಹೆಣ್ಣು ದನಿ ಒಂದೇ ತಿರುಗಿ ಬಂತು, ಬಿದ್ದ ಪ್ರಾಣಿಗಾಗಿ ಅಳುವ ಹಾಗೆ.

ಹಾಡಿನ ಮೇಲೆ ಸಿಟ್ಟು ಮಾಡಲು ನೋಡಿದೆ. ಆಗಲಿಲ್ಲ. ಆ ಧಾಟಿ ಕಟ್ಟಿದವರು ಯಾವ ದೇಶದವರೋ, ಅವರು ನನಗೆ ಏನೂ ಸುಳ್ಳು ಹೇಳಿರಲಿಲ್ಲ. ಮುಂಚೆಯೇ ಆಟದ್ದೆಂದು ಹೇಳಿ ಕೇಳಿಸಿದ್ದರೂ ಬಾಗಿಲಲ್ಲಿ ನಿಲ್ಲುತ್ತಿದ್ದೆ ಎಂದು ಅನ್ನಿಸಿ ಸೊಸೆಯ ಮೇಲಿನ ಸಿಟ್ಟು ಇನ್ನಷ್ಟು ಏರಿತು. ಇಷ್ಟು ಚಂದದ್ದನ್ನು ಖರೇ ಹೇಳಿ ಕೊಡಬಹುದಿತ್ತು.

"ಬಂದ್ ಮಾಡು," ಎಂದೆ.

ಅಕ್ಕನಿಗೆ ಫೋನ್ ಹಚ್ಚುವಾಗ ಸೊಸೆ ಬಾಜೂ ಬಂದು ನಿಂತಳು. "ಅತ್ತೀ, ನಮ್ಮವ್ವನ ಹೆಸರ ತಗೀಬ್ಯಾಡ್ರಿ. ಮಂದ್ಯಾಗ ಮಾರಿ ತೋರಸಾಕ ಆಗೂದಿಲ್ರಿ ಆಕಿಗಿ."

ನಾನು ಹೇಗೆ ಮುಖ ತೋರಿಸಲಿ ಎಂಬ ಚಿಂತೆ ಆ ಇಬ್ಬರಿಗೂ ಇರಲಿಲ್ಲ. ಸುಳ್ಳನ್ನು ಮುಂದುವರಿಸುವ ದಾರಿಯೂ ಇತ್ತು. ಆಟದವರೇ ಎಲ್ಲೋ ನಮ್ಮ ಕಡೆಯ ಹಳೆಯ ಹಾಡು ಕೇಳಿ ಕದ್ದಿರಬೇಕು ಎಂದು ಅಂದುಬಿಟ್ಟರೆ ಮಂಡಳಿಯ ಅರ್ಧ ಮಂದಿ ಒಪ್ಪುತ್ತಿದ್ದರು. ಆ ಮಾತು ನಾಲಗೆಯ ತುದಿಗೆ ಬಂದೂ ಬಂತು. ಹೇಳಿದರೆ ನಾಳೆ ಯಾವ ಬಾಯಿಂದ ವಚನ ಹಾಡಲಿ?

"ಅಕ್ಕಾರ, ಅದು ಆಟದ ಧಾಟಿನ. ಸೊಸಿ ಹೇಳಿದ್ಲು, ನಾ ನಂಬಿದ್ನಿ. ನಿಮಗೆಲ್ಲಾರಿಗೂ ಸುಳ್ಳ ಹೇಳಿಧಂಗ ಆತು."

"ಮತ್ತ ಆವತ್ತ ನಿಮ್ಮ ಬೀಗತಿ ಅತ್ಲಲ್ಲ?"

ಸೊಸೆ ನನ್ನ ಮುಖ ನೋಡುತ್ತಿದ್ದಳು.

"ಅದನ್ನ ಅವರನ್ನ ಕೇಳ್ರಿ ಅಕ್ಕಾರ. ನಾ ನನ್ನ ತಪ್ಪಷ್ಟ ಹೇಳಾಕ ಫೋನ್ ಮಾಡೇನಿ."

"ಸೋಮವಾರ ಬಂದು ನೀನ ಎಲ್ಲಾರ ಮುಂದ ಹೇಳಬೇಕ ತಂಗಿ. ಸಿನಿಮಾ ಧಾಟಿ ತಂದಾಕಿನ್ನ ನೀ ಅಂದು ಅಳಿಸಿದ್ಯಲ್ಲ, ಆಕಿ ಮುಂದನೂ."

"ಹೇಳತೇನಿ."

"ಪುಸ್ತಕದಾಗಿಂದ ಆಯಿ ಹೆಸರ ಹೊಡದ ಹಾಕು. ಆಟದ ಧಾಟಿ ಅಂತ ಬರಿ. ಹಾಡೂದೋ ಬಿಡೂದೋ ಆಮ್ಯಾಲ ನೋಡೂಣು. ಧಾಟಿ ಚಲೋ ಐತಿ, ಅದಕ್ಕೇನನ್ನೂದು?"

ಫೋನ್ ಇಟ್ಟೆ. ಅಕ್ಕ ಬೈಯಲಿಲ್ಲ, ಮಂಡಳಿ ಬಿಡು ಎನ್ನಲಿಲ್ಲ. ಅಷ್ಟಕ್ಕೆ ಶಿವನಿಗೆ ಶರಣು ಎಂದೆ.

"ಅತ್ತೀ, ತಪ್ಪಾತ್ರಿ," ಎಂದಳು ಸೊಸೆ.

"ಹೂಂ," ಎಂದೆ. ಬೇಸಿಗೆಯ ಆ ಮಧ್ಯಾಹ್ನಗಳಲ್ಲಿ ಅವಳ ಕೋಣೆಯಲ್ಲಿ ಕೂತು ಹೇಳಿದ ನನ್ನ ತಾಯಿಯ ಕಥೆಗಳನ್ನು ಹೇಗೆ ತಿರುಗಿ ಕೇಳಿ ಪಡೆಯುವುದು? ಅವು ಈಗ ಅವಳ ಹತ್ತಿರವೇ ಇವೆ.

ಹೊರಗೆ ಓಣಿಯವರು ನಳಕ್ಕೆ ನೀರು ಬಂತೆಂದು ಕೂಗಿದರು. ಎದ್ದು ಕೊಡ ತಿಕ್ಕಲು ಕೂತೆ.