ಬಸವಂತಪ್ಪ ಒಪ್ಪಿಕೊಂಡ ತಪ್ಪು

2008ರಲ್ಲಿ ನಾನು ಬೈಲಹೊಂಗಲದಲ್ಲಿ ಫಿಜಿಶಿಯನ್ ಆಗಿ ಸ್ವಂತ ದವಾಖಾನೆ ನಡೆಸುತ್ತಿದ್ದೆ. ಸಕ್ಕರೆ ಕಾಯಿಲೆ, ಬಿ.ಪಿ., ಎದೆನೋವು, ಇವೇ ದಿನದ ಕೆಲಸ. ಬಂದವರಿಗೆಲ್ಲ ಕಡಿಮೆ ಉಣ್ಣಿರಿ ಎಂದು ಹೇಳುವುದೇ ನನ್ನ ಕಸುಬು. ನಾನು ಮೊದಲಿನಿಂದಲೂ ಕಡ್ಡಿಯಂಥ ಆಳು. “ತಾವೂ ಉಣ್ಣಂಗಿಲ್ಲ, ಮಂದೀನೂ ಉಣ್ಣಗೊಡಂಗಿಲ್ಲ” ಎಂದು ಹೊರಗೆ ಬೆಂಚಿನ ಮೇಲೆ ಕುಳಿತವರು ಆಡಿಕೊಳ್ಳುವುದು ಒಳಗೆ ನನಗೆ ಕೇಳಿಸುತ್ತಿತ್ತು. ಕೇಳಿಸಿದರೂ ನಾನು ಬದಲಾಗುವ ಪೈಕಿ ಅಲ್ಲ.

ಹತ್ತಿರದ ಚಚಡಿ ಹಳ್ಳಿಯ ಬಸವಂತಪ್ಪ ನನ್ನ ಹಳೆಯ ಪೇಶಂಟ್. ಒಕ್ಕಲುತನದ ಮನೆ, ಕೈತುಂಬ ಹೊಲ, ನಲವತ್ತಾರು ವಯಸ್ಸು, ನೂರಾ ಮೂವತ್ತೆಂಟು ಕಿಲೋ ತೂಕ. ಊಟದ ವಿಷಯದಲ್ಲಿ ಅವರು ಬರೀ ಹೊಟ್ಟೆಬಾಕರಲ್ಲ, ರಸಿಕರು. ಸುತ್ತಲಿನ ಹಳ್ಳಿಗಳಲ್ಲಿ ಮದುವೆ ಅಡಿಗೆ ಇಳಿಸುವ ಮೊದಲು ಇವರಿಗೆ ರುಚಿ ತೋರಿಸುವುದು ವಾಡಿಕೆಯಾಗಿತ್ತು. ರೊಟ್ಟಿ ಮುರಿದು ಬಾಯಿಗಿಟ್ಟರೆ ಜೋಳ ಈ ವರ್ಷದ್ದೋ ಹೋದ ವರ್ಷದ್ದೋ ಹೇಳಿಬಿಡುತ್ತಿದ್ದರು. ಆದರೆ ಸಕ್ಕರೆ ಹದ್ದುಬಸ್ತಿಗೆ ಬರುತ್ತಿರಲಿಲ್ಲ, ಮೊಣಕಾಲು ಸವೆದಿತ್ತು, ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಕೊನೆಗೆ ನಾನೇ ಮುಂಬೈಗೆ ಕಳಿಸಿದೆ. ಅಲ್ಲಿ ಸಣ್ಣ ತೂತುಗಳಿಂದ ದುರ್ಬೀನು ಇಳಿಸಿ, ಜಠರದ ಬಹುಪಾಲನ್ನು ಕತ್ತರಿಸಿ ತೆಗೆದು, ಬಾಳೆಕಾಯಿಯಷ್ಟು ಸಣ್ಣ ಕೊಳವೆಯಾಗಿ ಉಳಿಸುವ ಆಪರೇಷನ್ ಆಯಿತು. ಸ್ಲೀವ್ ಗ್ಯಾಸ್ಟ್ರೆಕ್ಟಮಿ ಎನ್ನುತ್ತಾರೆ. ಆಮೇಲೆ ಉಣ್ಣುವುದಕ್ಕೆ ಎರಡು ಕಟ್ಟುನಿಟ್ಟು: ಹೊಟ್ಟೆ ಬಿಗಿದ ಕೂಡಲೇ ನಿಲ್ಲಿಸಬೇಕು, ಊಟದ ಜೊತೆಗೂ ಊಟವಾದ ಅರ್ಧ ಗಂಟೆಯವರೆಗೂ ನೀರು ಕುಡಿಯಬಾರದು.

ಎರಡು ತಿಂಗಳು ಎಲ್ಲ ಚೆನ್ನಾಗಿತ್ತು. ಮೂರನೇ ತಿಂಗಳು, ಗಟ್ಟಿ ಊಟ ಶುರುವಾದ ಮೇಲೆ ವಾಂತಿ ಹತ್ತಿತು. ಉಂಡದ್ದೆಲ್ಲ ಹೊರಗೆ. ಮುಂಬೈಗೆ ಮತ್ತೆ ಹೋಗಿ ಎಂಡೊಸ್ಕೋಪಿ ಮಾಡಿಸಿದರು. ದಾರಿ ಎಲ್ಲೂ ಇಕ್ಕಟ್ಟಾಗಿಲ್ಲ, ಹೊಲಿಗೆ ಗಟ್ಟಿಯಾಗಿದೆ ಎಂದು ವರದಿ ಬಂತು.

ನಾನು ಬಾಗಿಲು ಹಾಕಿಕೊಂಡು ವಕೀಲರ ಹಾಗೆ ಕೇಳಿದೆ.

“ಊಟದಾಗ ನೀರ ಕುಡೀತೀರೇನ್ರಿ?”

“ಇಲ್ರಿ ಸಾಹೇಬ್ರ. ದೇವರಾಣಿ.”

“ಮತ್ತ ಏನ ತಿಂದ್ರಿ?”

ಅವರು ತಲೆ ತಗ್ಗಿಸಿದರು. ಪಕ್ಕದಲ್ಲೇ ಕುಳಿತಿದ್ದ ಹೆಂಡತಿ ಶಾಂತವ್ವನ ಕಡೆ ನೋಡಲಿಲ್ಲ. “ಶೇಂಗಾ ಹೋಳಿಗಿ ಒಂದ ತುಣುಕ ತಿಂದೇನ್ರಿ. ಗುರೆಳ್ಳ ಚಟ್ನಿ ನೆಕ್ಕೇನಿ. ಹೊಟ್ಟಿ ಕೊಯ್ಸಿಕೊಂಡ ಬಂದ್ರೂ ಈ ನಾಲಿಗಿಗೆ ಬುದ್ಧಿ ಬಂದಿಲ್ರಿ.” ಹೇಳುತ್ತ ಹೇಳುತ್ತ ಅತ್ತುಬಿಟ್ಟರು.

ಕಳ್ಳ ಸಿಕ್ಕನೆಂದು ನನಗೆ ಸಮಾಧಾನ. ಹೋಳಿಗೆ ಬಂದ್, ಚಟ್ನಿ ಬಂದ್, ರೊಟ್ಟಿ ಪಲ್ಯ ಎಲ್ಲ ಬಂದ್, ಬರೀ ಮೆತ್ತನೆ ಅನ್ನ ಮತ್ತು ತೆಳು ಬೇಳೆ ಎಂದು ಬರೆದುಕೊಟ್ಟೆ. ಮನೆಯಲ್ಲಿ ಒಗ್ಗರಣೆ ಹಾಕಿದರೆ ಆ ಮನುಷ್ಯ ಎದ್ದು ಹಿತ್ತಿಲಿಗೆ ಹೋಗಿ ಕೂರುತ್ತಿದ್ದರಂತೆ. ವಾಂತಿ ಮಾತ್ರ ನಿಲ್ಲಲಿಲ್ಲ. ಹದಿನೈದು ದಿನದಲ್ಲಿ ಪಾದ ಜೋಮು ಹಿಡಿಯತೊಡಗಿತು, ನಡಿಗೆ ತಪ್ಪತೊಡಗಿತು. ಬಿಡದೆ ವಾಂತಿಯಾದರೆ ಬಿ-ಒನ್ ಎಂಬ ಜೀವಸತ್ವ ಖಾಲಿಯಾಗಿ ನರಗಳು ಕೆಡುತ್ತವೆ. ತಡವಾದರೆ ಕಾಲು ಹೋಗಬಹುದು, ಬುದ್ಧಿ ಭ್ರಮಿಸಬಹುದು. ಇಂಜೆಕ್ಷನ್ ಶುರು ಮಾಡಿದೆ. ಆದರೆ ಸೋರುವ ಕೊಡಕ್ಕೆ ಎಷ್ಟು ನೀರು ಸುರಿದರೇನು?

ಒಂದು ಭಾನುವಾರ ಶಾಂತವ್ವ ಫೋನ್ ಮಾಡಿದರು. “ಇನ್ನ ಉಣ್ಣಂಗಿಲ್ಲ ಅಂತ ಕುಂತಾರ್ರಿ. ನನ್ನ ಚಪಲಕ್ಕ ದೇವರ ಕೊಟ್ಟ ಶಿಕ್ಷಾ ಇದು, ಅನುಭವಿಸ್ತೇನಿ ಅಂತಾರ. ನೀವರ ಬಂದ ಹೇಳ್ರಿ.”

ಮಧ್ಯಾಹ್ನ ಚಚಡಿಗೆ ಹೋದೆ. ಅವರ ತಾಯಿ ಗೌರವ್ವ, ಎಂಬತ್ತರ ಹತ್ತಿರದ ಮುದುಕಿ, ಬಾಗಿಲಲ್ಲೇ ನನ್ನ ಕೈಗೆ ನೀರು ಕೊಟ್ಟು ತಾಟಿನ ಮುಂದೆ ಕೂಡಿಸಿದರು. ಮನೆಗೆ ಬಂದವರು ಒಬ್ಬರೇ ಉಣ್ಣುವುದುಂಟೇ? ಯಜಮಾನ ಜೊತೆಗೆ ಕೂರಲೇಬೇಕು. ಹಾಗಾಗಿ, ಉಪವಾಸ ಎಂದು ಹಟ ಹಿಡಿದಿದ್ದ ಬಸವಂತಪ್ಪ ಮರ್ಯಾದೆಗೆ ಕಟ್ಟುಬಿದ್ದು ನನ್ನ ಪಕ್ಕದಲ್ಲಿ ಕುಳಿತರು. ನನಗೆ ರೊಟ್ಟಿ, ಎಣ್ಣೆಗಾಯಿ. ಅವರ ತಾಟಿಗೆ ಶಾಂತವ್ವ ಒಂದು ವಾಟಿ ಮೆತ್ತನೆ ಅನ್ನ, ಮೇಲೆ ಬೇಳೆ ಹಾಕಿದರು. ಮೊದಲಿನ ಊಟಕ್ಕೆ ಹೋಲಿಸಿದರೆ ಅದು ಹಕ್ಕಿಗೆ ಚೆಲ್ಲುವಷ್ಟು. ಈಗಿನ ಹೊಟ್ಟೆಗೆ ಅದೇ ಹೆಚ್ಚು.

ಅರ್ಧ ಉಣ್ಣುವಷ್ಟರಲ್ಲಿ ಅವರ ಹಣೆಯ ಮೇಲೆ ಬೆವರು ಮೂಡಿತು. ಒಂದು ಕೈ ಎದೆಯ ಮೇಲೆ ಹೋಯಿತು. ನಿಲ್ಲಿಸುತ್ತಾರೆಂದು ಕಾದೆ. ನಿಲ್ಲಿಸಲಿಲ್ಲ. ಔಷಧ ನುಂಗುವವರಂತೆ ಒಂದೊಂದೇ ತುತ್ತು ತಳ್ಳಿ ಅಗುಳು ಬಿಡದೆ ಮುಗಿಸಿದರು. ಆಮೇಲೆ ತಂಬಿಗೆ ಬಗ್ಗಿಸಿ ತಾಟಿಗೆ ನೀರು ಹಾಕಿ, ಬೆರಳಿನಿಂದ ಸುತ್ತ ತೊಳೆದು, ತಾಟನ್ನು ಎರಡೂ ಕೈಯಲ್ಲಿ ಎತ್ತಿ ಕುಡಿದುಬಿಟ್ಟರು. ಒಂದು ಲೋಟ ನೀರಾದರೂ ಇದ್ದೀತು. ಐದು ನಿಮಿಷದೊಳಗೆ ಬಚ್ಚಲಿಗೆ ಓಡಿದರು.

ನಾನು ಹುಟ್ಟಿದ್ದೂ ಅಂಥದೇ ಮನೆಯಲ್ಲಿ. ನಮ್ಮ ಅಜ್ಜ ಸಾಯುವವರೆಗೂ ತಾಟು ತೊಳೆದು ಕುಡಿದವನು. ಅನ್ನ ಪ್ರಸಾದ, ಅದರ ಒಂದು ಅಗುಳೂ ಮಣ್ಣುಪಾಲಾಗಬಾರದು ಎಂಬ ನಡಾವಳಿ. ಹಾಸ್ಟೆಲ್ ಸೇರಿದ ಮೇಲೆ ನಾನದನ್ನು ಬಿಟ್ಟೆ, ಬಿಟ್ಟದ್ದೂ ಮರೆತುಹೋಗಿತ್ತು.

ಬಸವಂತಪ್ಪ ಬಾಯಿ ಒರೆಸಿಕೊಂಡು ಬಂದರು. ನನ್ನ ದನಿ ಏರಿತು. “ನೀರ ಕುಡಿಯಂಗಿಲ್ಲ ಅಂದ್ರೆಲ್ರಿ ನೀವು!”

ಅವರು ಗಾಬರಿಯಾದರು. “ಎಲ್ಲಿ ಕುಡದೇನ್ರಿ? ತಾಟ ತೊಳಕೊಂಡೇನಿ. ಅದು ಪ್ರಸಾದ ಅಲ್ರಿ? ಅದನ್ಯಾಕ ನೀರನ್ಯಾಗ ಹಿಡೀತೀರಿ?”

ವಾಂತಿಗೆ ಕಾರಣ ಹೋಳಿಗೆಯಲ್ಲ, ತುಂಬಿದ ಹೊಟ್ಟೆಯ ಮೇಲೆ ತಾಟು ಮುಗಿಸುವುದು, ಅದರ ಮೇಲೆ ಈ ನೀರು ಎಂದು ಬಿಡಿಸಿ ಹೇಳಿದೆ. ಬಿಗಿದ ಕೂಡಲೇ ಬಿಟ್ಟು ಏಳಬೇಕು ಎಂದೆ. ಅವರು ತಲೆ ಅಲ್ಲಾಡಿಸಿದರು. “ಅದೊಂದ ಹೇಳಬ್ಯಾಡ್ರಿ. ದೇವರ ಕೊಟ್ಟ ಹೊಟ್ಟಿ ಕೊಯ್ಸಿದ ಪಾಪ ಒಂದ ಐತಿ. ಮ್ಯಾಲ ಅನ್ನ ಚೆಲ್ಲಿದ ಪಾಪ ಯಾಕ್ರಿ? ಸತ್ರ ಸಾಯ್ತೇನಿ.”

ಶಾಂತವ್ವ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿದರು.

ಕಂಬಕ್ಕೆ ಒರಗಿ ಕುಳಿತಿದ್ದ ಗೌರವ್ವ ಎದ್ದು ಬಂದರು. “ಬಸ್ಯಾ, ತಾಟಿನ್ಯಾಗ ಬಿಡಬ್ಯಾಡ ಅಂತ ಕಲಿಸಿದಾಕಿ ನಾನ. ಹೌದಿಲ್ಲೋ?”

“ಹೌದಬೇ.”

“ಸಣ್ಣಾಂವ ಇದ್ದಾಗ ನಾಕ ತುತ್ತ ಉಂಡ ಓಡಿ ಹೋಗತಿದ್ದಿ. ಆ ಅನ್ನ ಯಾರ ಉಣ್ಣತಿದ್ರು?”

“ನೀನಬೇ.”

“ಈಗೂ ನಿಂದು ಸಣ್ಣ ಹುಡುಗರ ಹೊಟ್ಟಿ ಆಗೇತಿ. ಸಾಕಾತಂದ್ರ ಏಳು. ಉಳದದ್ದ ನಾ ಉಣ್ಣತೇನಿ, ನಿನ್ನ ತಾಟ ನಾ ತೊಳದ ಕುಡೀತೇನಿ. ಹಡದಾಕಿಗೆ ಎಂಥಾ ಎಂಜಲೋ?”

ನಲವತ್ತಾರರ ಗಂಡಸು ಮುದುಕಿಯ ಮಡಿಲಲ್ಲಿ ಮುಖ ಇಟ್ಟು ಅತ್ತರು. ನಾನು ಉಣ್ಣದೆ ಉಳಿಸಿದ್ದ ಅರ್ಧ ರೊಟ್ಟಿಯನ್ನು ಸದ್ದಿಲ್ಲದೆ ಮುಗಿಸಿದೆ.

ಮರುದಿನದಿಂದ ಹಾಗೆಯೇ ನಡೆಯಿತು. ವಾರದೊಳಗೆ ವಾಂತಿ ನಿಂತಿತು. ಇಂಜೆಕ್ಷನ್ ಮೈಗೆ ಹತ್ತಿ, ಎರಡು ತಿಂಗಳಲ್ಲಿ ಪಾದದ ಜೋಮು ಇಳಿಯಿತು. ನಾನು ಬಂದ್ ಮಾಡಿಸಿದ್ದನ್ನೆಲ್ಲ ಒಂದೊಂದಾಗಿ ನಾನೇ ಬಿಡಿಸಿದೆ. ಮನೆಯಲ್ಲಿ ಮಾದಲಿ ಮಾಡಿದ ದಿನ ನನ್ನನ್ನು ಕರೆದರು. ಗೋಧಿ ಬೆಲ್ಲದ ಆ ಸಿಹಿಪುಡಿಗೆ ಬಿಸಿ ಹಾಲು, ತುಪ್ಪ ಹಾಕಿ ಬಸವಂತಪ್ಪ ಎರಡೇ ಚಮಚ ಬಡಿಸಿಕೊಂಡರು. ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದರು.

“ಏಲಕ್ಕಿ ಒಂದ ಕಾಳ ಹೆಚ್ಚಾಗೇತಿ” ಎಂದರು. ತಮ್ಮ ಮುಖದಲ್ಲಿ ನಗು ಮೂಡಿದ್ದೇ ತಡ, ನನ್ನನ್ನು ನೋಡಿ ಮುಖ ಸಣ್ಣದು ಮಾಡಿಕೊಂಡರು. “ಸಾಹೇಬ್ರ, ಇಷ್ಟ ರುಚಿ ಹತ್ತಬಾರದೇನೋ ನನಗ.”

“ಹತ್ತಲಿ ಬಿಡ್ರಿ” ಎಂದೆ. ತಾಟಿನಲ್ಲಿ ಉಳಿದದ್ದನ್ನು ಗೌರವ್ವ ತಮ್ಮ ಕಡೆ ಎಳೆದುಕೊಂಡಿದ್ದರು. ಬಸವಂತಪ್ಪ ಅತ್ತ ನೋಡಲಾರದೆ ನನ್ನ ತಾಟಿಗೆ ತುಪ್ಪ ಸುರಿಯುತ್ತ ಕುಳಿತರು. ಆ ಅಳುಕು ಅವರನ್ನು ಪೂರ್ತಿ ಬಿಟ್ಟು ಹೋಗಲೇ ಇಲ್ಲ.

ಆಮೇಲೆ ನಾನು ಪೇಶಂಟುಗಳಿಗೆ ಏನು ಉಣ್ಣುತ್ತೀರಿ ಎಂದಷ್ಟೇ ಕೇಳುವುದನ್ನು ಬಿಟ್ಟೆ. ಯಾರು ಬಡಿಸುತ್ತಾರೆ, ಸಾಕಾದ ಮೇಲೆ ಏನು ಮಾಡುತ್ತೀರಿ, ಹೇಗೆ ಏಳುತ್ತೀರಿ ಎಂದು ಕೇಳತೊಡಗಿದೆ. ತಪ್ಪಿನ ಭಾರ ಹೊತ್ತು ಬಂದವನು ತನಗೆ ಯಾವುದು ಕೇಡು ಮಾಡುತ್ತಿದೆಯೋ ಅದನ್ನು ಹೇಳುವುದಿಲ್ಲ, ಯಾವುದರ ನಾಚಿಕೆ ಇದೆಯೋ ಅದನ್ನು ಹೇಳುತ್ತಾನೆ. ಬಸವಂತಪ್ಪ ಒಂದು ತುಣುಕು ಹೋಳಿಗೆಯ ಸುಖವನ್ನು ಅಪರಾಧವೆಂದು ಒಪ್ಪಿಕೊಂಡರು. ನಾನು ಡಾಕ್ಟರ್ ಆಗಿ ಅದಕ್ಕೆ ಶಿಕ್ಷೆ ಬರೆದುಕೊಟ್ಟೆ.