3.9 ಕಿಲೋ ಓಮ್

2023ರ ನವೆಂಬರ್‌ನಲ್ಲಿ, ಸಾಗರದ ನನ್ನ ಆಂಪ್ಲಿಫೈಯರ್ ರಿಪೇರಿ ಅಂಗಡಿಯಲ್ಲಿ, ಹಳೇ ಮಾದರಿಯ ಒಂದು ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ತೆಗೆದು ಹೊಸದು ಹಾಕಿದೆ. ಮೂರು ವಾರದ ನಂತರ ಹೊಸದನ್ನು ತೆಗೆದು ಹಳೆಯದನ್ನೇ ಹಾಕಿದೆ.

ಗಿಟಾರ್ ತಂದವರು ಹೊಸನಗರದ ಸುಮಿತ್ರಾ. ಅವರ ಗಂಡ ರಮೇಶ್ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದವರು. ಆ ವರ್ಷ ಮಳೆಗಾಲದಲ್ಲಿ ಪಾರ್ಶ್ವವಾಯು ಬಡಿದು ಬಲಗೈ, ಮಾತು ಎರಡೂ ಹೋಗಿದ್ದವು. ಯಾರನ್ನೂ ಗುರುತಿಸಿದಂತೆ ಕಾಣುತ್ತಿರಲಿಲ್ಲ.

"ಪರಿಚಯದ ಶಬ್ದ ಕೇಳ್ಸಿ ಅಂದಿದಾರೆ ಡಾಕ್ಟ್ರು. ನನ್ ದನಿಗಂತೂ ತಿರುಗಿ ನೋಡಲ್ಲ. ಅದು ಮೊದ್ಲೂ ಹಂಗೇ ಬಿಡಿ," ಎಂದರು ಸುಮಿತ್ರಾ. "ಇದಕ್ಕಾದ್ರೂ ನೋಡ್ತಾರಾ ಅಂತ. ಆದ್ರೆ ಇದು ಬರೀ ಕರಕರ ಅಂತದೆ."

ಪಿಕಪ್ ಎಂದರೆ ಗಿಟಾರಿನ ಸ್ಟ್ರಿಂಗ್‌ಗಳ ಕೆಳಗೆ ಕೂರುವ ಅಯಸ್ಕಾಂತ. ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಸ್ಟ್ರಿಂಗ್ ನಡುಗಿದಾಗ ಅದರಲ್ಲಿ ಹುಟ್ಟುವ ಸಣ್ಣ ಕರೆಂಟೇ ಆಂಪ್ಲಿಫೈಯರ್‌ಗೆ ಹೋಗಿ ಶಬ್ದವಾಗುತ್ತದೆ. ತಂತಿ ಹೆಚ್ಚು ಸುತ್ತಿದ್ದಷ್ಟೂ ಮೀಟರಿನಲ್ಲಿ ರೋಧದ ಅಂಕಿ ಹೆಚ್ಚು. ಈ ಮಾದರಿಯ ಪಿಕಪ್ ಮೀಟರ್‌ನಲ್ಲಿ ಆರು ಕಿಲೋ ಓಮ್ ಆಸುಪಾಸು ತೋರಿಸಬೇಕು. ರಮೇಶರದ್ದು ತಂತಿಯ ತುದಿ ಒತ್ತಿ ಹಿಡಿದರೆ 3.9 ತೋರಿಸುತ್ತಿತ್ತು, ಬಿಟ್ಟರೆ ಏನೂ ಇಲ್ಲ. ಒಳಗೆ ಸುತ್ತುಗಳು ಸುಟ್ಟು ಒಂದಕ್ಕೊಂದು ಅಂಟಿವೆ, ಅರ್ಧ ಸತ್ತಿದೆ ಎಂದು ತೀರ್ಮಾನಿಸಿದೆ.

ಬದಲಿಗೆ ಎರಡು ಆಯ್ಕೆ ಇದ್ದವು. ಒಂದು, ಗುಂಯ್ ಸದ್ದು ಬಾರದ ಹೊಸ ಬಗೆ. ಇನ್ನೊಂದು, ಗುಂಯ್ ಸದ್ದಿದ್ದರೂ ಹಳೇ ನಾದ ಕೊಡುವ ಬಗೆ. ಎರಡನೆಯದನ್ನು ಆರಿಸಿದೆ. ಮೀಟರ್ 6.1 ತೋರಿಸಿತು. ಹಳೆಯದನ್ನು ಗುಜರಿ ಡಬ್ಬಕ್ಕೆ ಹಾಕಿದೆ.

ಎರಡು ವಾರ ಕಳೆದು, ರಮೇಶರ ಜತೆ ಕೀಬೋರ್ಡ್ ನುಡಿಸುತ್ತಿದ್ದ ತೀರ್ಥಹಳ್ಳಿಯ ಸದಾನಂದ ಅಂಗಡಿಗೆ ಬಂದರು. ಮೂರು ದಿನ ಹಾಸಿಗೆಯ ಪಕ್ಕ ಕೂತು ಆ ಗಿಟಾರ್ ನುಡಿಸಿದ್ದರಂತೆ. ರಮೇಶ್ ಸೂರು ನೋಡುತ್ತಲೇ ಇದ್ದರಂತೆ. ಇದು ಅವನ ಗಿಟಾರಿನ ದನಿಯೇ ಅಲ್ಲ, ಹಳೇ ಪಿಕಪ್ ಯಾಕೆ ತೆಗೆದಿರಿ ಎಂದು ಕೇಳಿದರು.

"ಹಳೇದು ಅರ್ಧ ಸತ್ತಿತ್ತು," ಎಂದೆ.

"ಅರ್ಧ ಅಲ್ಲ ಮಾರಾಯ್ರೆ, ಅದು ಇದ್ದಿದ್ದೇ ಅಷ್ಟು! ಹಿಂದೆ ಕೆಟ್ಟಾಗ ನಮ್ಮೂರಲ್ಲಿ ಪಂಪ್‌ಸೆಟ್ ಮೋಟಾರ್ ರೀವೈಂಡಿಂಗ್ ಮಾಡೋರ ಹತ್ರ ಸುತ್ಸಿದ್ದು. ಹಳೇ ರಿಲೇ ಸ್ವಿಚ್ಚಿನ ಸುರುಳಿ ಬಿಚ್ಚಿ ತೆಗ್ದ ತಂತಿ. ರಮೇಶಣ್ಣ ಪಕ್ಕದಲ್ಲೇ ಕೂತು ಸುತ್ತು ಎಣಿಸ್ತಿದ್ದ. ಅರ್ಧಕ್ಕೆ ತಂತಿ ಮುಗೀತು, ಇಷ್ಟೇ ಸಾಕು ಅಂದ. ಆಮೇಲೆ ಹತ್ತು ವರ್ಷ ಅದೇ ಸಪೂರ ದನಿ. ನೀವು ಮೀಟರ್‌ನ ಕೇಳಿದ್ರಿ, ನನ್ನ ಕೇಳ್ಲಿಲ್ಲ."

ಗುಜರಿಯವನು ಆ ತಿಂಗಳು ಬಂದಿರಲಿಲ್ಲ. ಪಿಕಪ್ ಡಬ್ಬದ ತಳದಲ್ಲಿತ್ತು. ಬೆಸುಗೆ ಬಿಟ್ಟಿದ್ದ ತುದಿಯನ್ನು ಮತ್ತೆ ಬೆಸೆದೆ. ಅದಕ್ಕೆ ಬೇರೆ ದೋಷವೇ ಇರಲಿಲ್ಲ. ಅಂದಿನಿಂದ, ಯಾವುದನ್ನಾದರೂ ಬಿಚ್ಚುವ ಮೊದಲು ಹಿಂದೆ ಯಾರು ರಿಪೇರಿ ಮಾಡಿದ್ದು ಎಂದು ಕೇಳುತ್ತೇನೆ.

ಸದಾನಂದರ ಜತೆ ಹೊಸನಗರಕ್ಕೆ ಹೋಗಿ ರಮೇಶರ ಮುಂದೆಯೇ ಅದನ್ನು ಕೂರಿಸಿದೆ. ಸದಾನಂದ ನುಡಿಸಿದರು. ಐದಾರು ನಿಮಿಷ ಏನೂ ಆಗಲಿಲ್ಲ. ನಂತರ ರಮೇಶರ ಎಡಗೈಯ ತೋರುಬೆರಳು ಹೊದಿಕೆಯಿಂದ ಮೇಲೆದ್ದು ಹಾಗೇ ನಿಂತಿತು.

"ಎಂತ ಬೇಕಂತೆ?" ಎಂದರು ಸುಮಿತ್ರಾ.

"ಎರಡನೇ ಸ್ಟ್ರಿಂಗ್ ಇಳಿದಿದೆ, ಏರ್ಸು ಅಂತಿದಾನೆ. ಸ್ಟೇಜಲ್ಲೂ ಹಿಂಗೇ ಕಾಡ್ತಿದ್ದ," ಎನ್ನುತ್ತ ಸದಾನಂದ ಗಿಟಾರಿನ ಬಿರಡೆ ತಿರುಗಿಸಿ ಸ್ಟ್ರಿಂಗ್ ಬಿಗಿ ಮಾಡಿದರು. ಬೆರಳು ಕೆಳಗಿಳಿಯಿತು.

ಕಳೆದ ತಿಂಗಳು ಸುಮಿತ್ರಾ ಫೋನ್ ಮಾಡಿದ್ದರು. ರಮೇಶರಿಗೆ ಮಾತು ಬಂದಿಲ್ಲ. ಸದಾನಂದ ಪ್ರತಿ ಭಾನುವಾರ ಬರುತ್ತಾರೆ. ಎರಡನೇ ಸ್ಟ್ರಿಂಗನ್ನು ಬೇಕೆಂದೇ ಸ್ವಲ್ಪ ಇಳಿಸಿಕೊಂಡು ನುಡಿಸಲು ಕೂರುತ್ತಾರೆ.